ಬೂಚು ಕಿತ್ತ ದೋಣಿ

ಅಥಣಿಯ ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಮೂಲೆಯನ್ನು ನಾಯಿಗಳಿಗೆಂದು ಜಗಳಾಡಿ ಬಿಡಿಸಿದವಳು ಚಂದ್ರಮತಿಯಕ್ಕ. ಬೇವಿನ ಮರದ ಕೆಳಗೆ ದನಗಳಿಗೆ ನೀರುಣಿಸುತ್ತಿದ್ದ ಹಳೆಯ ಕಲ್ಲಿನ ದೋಣಿ ಇಡಿಸಿ, ನಿತ್ಯ ಬೆಳಿಗ್ಗೆ ಬಿಳಿ ಅರಿವೆಯಲ್ಲಿ ಸೋಸಿದ ನೀರನ್ನೇ ತುಂಬುತ್ತಿದ್ದಳು. ಗಟಾರದ ನೀರಿಗೂ ಬೇಸರಿಸದ ನಾಯಿಗಳಿಗೆ ಈ ಮರ್ಯಾದೆ ನೋಡಿ ನಾವು ನಗುತ್ತಿದ್ದೆವು.

ಜೈನರ ಮನೆಯ ಹೆಂಗಸು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಆ ವ್ರತಕ್ಕೆ ಓಣಿಯ ನಾಯಿಗಳನ್ನೂ ಸೇರಿಸಿಕೊಂಡುಬಿಟ್ಟಿದ್ದಳು. ಸಂಜೆಯಾದರೆ ದೋಣಿಯ ತಳದ ಬೂಚು ಕಿತ್ತು ನೀರು ಹರಿಬಿಡುವಳು.

"ಅಕ್ಕಾ, ನಾಯಿಗೆ ರಾತ್ರಿ ನೀರಡಿಸೂದಿಲ್ಲೇನು?" ಎಂದು ಕೇಳಿದ್ದೆ.

"ನಿಂತ ನೀರಾಗ ಹುಳಾ ಬಿದ್ದು ಸಾಯ್ತಾವ. ಆ ಪಾಪ ಯಾರ ತಲಿಮ್ಯಾಲ?" ಎಂದಳು.

ಕಳೆದ ಬೇಸಿಗೆಯಲ್ಲಿ, ಮೂರು ಮರಿ ಹಾಕಿದ್ದ ಕಂದು ನಾಯಿಯೊಂದು ರಾತ್ರಿ ನೀರು ಹುಡುಕಿ ಹೋಗಿ, ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ತೊಟ್ಟಿಯಲ್ಲಿ ಬಿದ್ದು ಸತ್ತಿತು. ಬೆಳಿಗ್ಗೆ ಅಕ್ಕ ಅರಿವೆ ಹಿಡಿದು ಬಂದಾಗ ಮರಿಗಳು ಒಣ ದೋಣಿಯನ್ನು ನೆಕ್ಕುತ್ತಿದ್ದವು.

ಅಂದಿನಿಂದ ಬೂಚಿಗೆ ಕೈ ಹಾಕಿದಾಗಲೆಲ್ಲ ನಾಯಿ ನೀರು ನೆಕ್ಕುವ ಸಪ್ಪಳ ಅವಳಿಗೆ ಕೇಳಿಸತೊಡಗಿತು. ತಿರುಗಿ ನೋಡಿದರೆ ಯಾವ ನಾಯಿಯೂ ಇಲ್ಲ. ಒಂದು ಸಂಜೆ ಹೆದರಿ ನೀರನ್ನು ಹಾಗೇ ಬಿಟ್ಟಳು. ಮರುದಿನ ರೆಕ್ಕೆಹುಳುಗಳು ಸತ್ತು ತೇಲುತ್ತಿದ್ದವು. ಅಂದು ಇಡೀ ದಿನ ಉಪವಾಸ. ಬೂಚು ಕೀಳದೆ ಬಿಟ್ಟರೆ ಹುಳು, ಕಿತ್ತರೆ ನಾಯಿ; ಅಕ್ಕ ಸೊರಗಿಹೋದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು.

ಕಬ್ಬಿನ ಹೊಲಗಳಿಗೆ ಡ್ರಿಪ್ ಪೈಪು ಜೋಡಿಸುವ ಮಲಕಾರಿಯನ್ನು ಕರೆತಂದೆ. ಅವನು ಎತ್ತರದಲ್ಲಿಟ್ಟ, ಮುಚ್ಚಳವಿದ್ದ ಡ್ರಮ್ಮಿನಿಂದ ಪೈಪು ಎಳೆದು, ತುದಿಗೆ ಸ್ಪ್ರಿಂಕ್ಲರಿನ ಮೂತಿ ಕೂರಿಸಿ, ದೋಣಿಯೊಳಗೆ ಸಣ್ಣ ಕಾರಂಜಿ ಮಾಡಿದ.

"ಅಕ್ಕಾರ, ಬೂಚು ತಗದ ಇರಲ್ರಿ. ನೀರು ನಿಲ್ಲೂದಿಲ್ಲ, ಹರಕೊಂತ ಬೇವಿನ ಬುಡಕ್ಕ ಹೋಗ್ತೈತಿ. ಹುಳಾ ಮುಳುಗೂದಿಲ್ಲ, ನಾಯಿಗೂ ರಾತ್ರಿಯೆಲ್ಲಾ ನೀರು," ಎಂದ.

ಮೊದಲ ಸಂಜೆ, ಅಷ್ಟೊತ್ತಿಗೆ ದೊಡ್ಡವಾಗಿದ್ದ ಆ ಮೂರು ಮರಿಗಳು ಬಂದು ಕಾರಂಜಿಗೆ ಬಾಯೊಡ್ಡಿದವು. ಅಕ್ಕ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

"ಈಗರೆ ಸಮಾಧಾನ ಆತಿಲ್ಲ?" ಎಂದೆ.

"ನಾಕು ನಾಲಿಗಿ ಸಪ್ಪಳ ಕೇಳಾಕತ್ತೈತಿ," ಎಂದಳು. ಕಣ್ಣು ತೆರೆಯದೆಯೇ, "ಕುಡೀಲಿ ಬಿಡು. ಇವುಗಳ ಅವ್ವಗೇ ಮೊದಲ ಕೊಡಬೇಕಿತ್ತು," ಎಂದಳು.

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಆದರೂ ಆ ಸಂಜೆ ದೋಣಿಯ ಕಡೆ ಕಿವಿಗೊಡಲು ನನಗೆ ಧೈರ್ಯವಾಗಲಿಲ್ಲ.