ಟವೆಲಿನ ಕೆಳಗಿನ ಬೆರಳು

ನನ್ನ ಗಂಡ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ದಲಾಲರಾಗಿದ್ದರು. ಆ ಪೇಟೆಯಲ್ಲಿ ಬಾಯಿಬಿಟ್ಟು ದರ ಹೇಳುತ್ತಿರಲಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಹೇಳಬೇಕಿತ್ತು. ಊರೆಲ್ಲ ಹಳೆಯ ಮನೆ ಕೆಡವಿ ಫ್ಲ್ಯಾಟು ಕಟ್ಟುತ್ತಿದ್ದ ಕಾಲ. ನಾವೂ ಮನೆ ಮಾರಿ ವಿಶ್ರಾಮಬಾಗದ ಫ್ಲ್ಯಾಟಿಗೆ ಬಂದೆವು. ಅಲ್ಲಿ ಅವರ ತಲೆ ಕೆಟ್ಟಿತು. ಉಂಡದ್ದು ಮರೆತರು. ಕಡೆಗೆ ಮೆಟ್ಟಿಲ ಮೇಲೆ ನಿಂತು, "ಯಾರಿಕಿ? ಹೊರಗ ಹಾಕ್ರಿ ಇಕಿನ್ನ," ಎಂದು ನನ್ನ ಮೇಲೆ ಕೂಗಿದರು. ಅಕ್ಕಪಕ್ಕದವರೆಲ್ಲ ಬಾಗಿಲು ತೆರೆದು ನೋಡಿದರು.

ನಾದಿನಿ ಬಂದಳು. ಮಗ ಅಪ್ಪನ ಕೈ ಮೇಲೆ ಟವೆಲ್ ಹಾಕಿ ಬೆರಳು ಒತ್ತಿದ. ಅವರು ಹೇಳಿದ ದರ ಒಂಚೂರೂ ತಪ್ಪಲಿಲ್ಲ.

"ನೋಡ್ರಿ ವೈನಿ, ನಮ್ಮಣ್ಣ ಶ್ಯಾಣ್ಯಾನ ಅದಾನ. ನಿಮ್ಮನ್ನಷ್ಟ ಯಾಕ ಒಲ್ಲೆ ಅಂತಾನ, ನೀವ ವಿಚಾರ ಮಾಡ್ರಿ."

ನೆಂಟರ ಬಾಯಲ್ಲೆಲ್ಲ ಅದೇ ಮಾತಾಯಿತು: ಇವಳೇ ಏನೋ ಮಾಡಿರಬೇಕು.

ಮಿರಜದ ಡಾಕ್ಟರನ್ನು ಕೇಳಿದೆ. "ಖರೇನ ಮರ್ತಾರೋ, ನನ್ನ ಮ್ಯಾಲಿನ ಸಿಟ್ಟೋ?"

ಆತ ಒಂದು ಫೋಟೋ ತೋರಿಸಿದ. ಸತ್ತ ಯಾರದೋ ಮಿದುಳಿನ ತೆಳು ಹೋಳು, ಅಲ್ಲಲ್ಲಿ ಕಂದು ಚುಕ್ಕೆ. "ಅಸಿಟೈಲ್‌ಕೋಲಿನ್ ಅಂತ ನೆನಪಿಗೆ ಬೇಕಾದ ಒಂದ್ ರಸಾ ಐತಿ ಅವ್ವಾರ. ಅದನ್ನ ಮಾಡೂ ನರಕೋಶ ಇವು. ಈ ಮರೆವಿನ ರೋಗದಾಗ ಇವು ಸಾಯ್ತಾವ. ಬರೇ ನೋಡಿದ್ರ ಗುರುತ ಹತ್ತೂದಿಲ್ಲ. ರಸಾ ಮಾಡೂ ಕಿಣ್ವಕ್ಕ ಅಂಟೂ ಬಣ್ಣಾ ಹಾಕಬೇಕು. ಹಿಂದಕ ಆ ರಸಾ ಒಡಿಯೂ ಕಿಣ್ವಾ ಹುಡುಕತಿದ್ರು. ಅದು ಬ್ಯಾರೆ ಕೋಶದಾಗೂ ಇರ್ತೈತಿ. ನಂಬಿದ್ರ ಮೋಸ."

ಟವೆಲಿನ ಸಂಗತಿ ಹೇಳಿದೆ. "ಅದೂ ಹಂಗ. ಬೆರಳಿನ ರೂಢಿ ಉಳಿದೈತಿ ಅಂದ್ರ ನೆನಪು ಉಳಿದೈತಿ ಅಂತಲ್ಲ," ಎಂದ.

"ಹಂಗಾರ ಇವರ ತಲಿಗೂ ಬಣ್ಣಾ ಹಾಕ್ರಿ."

"ಜೀವಂತ ಇದ್ದಾಗ ಆಗೂದಿಲ್ಲ. ಹೋದ ಮ್ಯಾಲೆ ಮಿದುಳು ಕೊಟ್ರ ನೋಡಬಹುದು."

ಕೊಡುತ್ತೇನೆ ಎಂದೆ. ಮಗ ಸಿಡಿದ. "ಲಿಂಗಾ ಕಟ್ಟಿದ ದೇಹಾ ಅವ್ವಾ! ಕುಂದ್ರಿಸಿ ಮಣ್ಣ ಕೊಡೂದು ನಮ್ಮಲ್ಲಿ. ತಲಿ ಕೊಯ್ಸಿದ್ರ ಮಂದಿ ಏನಂದಾರು?"

"ನನಗ ಏನಂತಾರ, ಅದು ಕೇಳಿಸೇತೇನ ನಿನಗ?"



ಗಂಡ ತೀರಿಕೊಂಡರು. ವಿಭೂತಿ ಹಚ್ಚಿ, ಕೂಡಿಸಿ ಮಣ್ಣು ಮಾಡಿದರು. ನನ್ನ ಸಾಕ್ಷಿ ಇದ್ದದ್ದು ಆ ತಲೆಯೊಳಗೆ. ಅದೂ ಮಣ್ಣಿಗೆ ಹೋಯಿತು.

ಅವರ ದಿನಕರ್ಮದ ಊಟಕ್ಕೆ ಪಂಕ್ತಿಯಲ್ಲಿ ಕುಳಿತು ನಾದಿನಿ ಪಕ್ಕದವಳಿಗೆ ಹೇಳುತ್ತಿದ್ದಳು, "ಕಡೀತನಕ ತಲಿ ಶುದ್ಧ ಇತ್ತು ನಮ್ಮಣ್ಣಂದು. ಟವೆಲ್ಲಿನಾಗ ಒಂದ್ ಬೆರಳ ತಪ್ಪಲಿಲ್ಲ."

ಹುಗ್ಗಿಯ ಪಾತ್ರೆ ಹಿಡಿದು ನಾನು ಎದುರಿಗೇ ನಿಂತಿದ್ದೆ.

"ಇನ್ನೊಂದೀಟ ಹಾಕ್ರಿ, ವೈನಿ."

ಹಾಕಿದೆ.