ಪೂಜೆಯಾದ ಲಾರಿಗೆ ಸ್ಪ್ಯಾನರ್ ಹಾಕಬಹುದೇ?

ಗೆಳೆಯರೇ, ಗುಬ್ಬಿಯ ನಮ್ಮ ಗ್ಯಾರೇಜಿನಲ್ಲಿ ಇವತ್ತು ದೇವರಿಗೂ ನನಗೂ ಜಗಳ ತಂದಿಟ್ಟವರು ಹಾಗಲವಾಡಿಯ ಮಹೇಶಣ್ಣ.

ತೆಂಗಿನಕಾಯಿ ತುಂಬಿದರೆ ಲಾರಿ ತಗ್ಗುತ್ತದೆಂದು ಎತ್ತರದ ಸ್ಪ್ರಿಂಗ್ ಹಾಕಿಸಿದರು. ಹಾಗೆ ಎತ್ತರಿಸಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಸರಿಪಡಿಸಲೇಬೇಕು. ಅಷ್ಟರಲ್ಲಿ ಅವರು ಕರ್ಪೂರ ಹಚ್ಚಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದರು. ನಾನೂ ಮಂಗಳಾರತಿ ತೆಗೆದುಕೊಂಡು ಬಾಳೆಹಣ್ಣು ತಿಂದೆ.

ಆಮೇಲೆ ಸ್ಪ್ಯಾನರ್ ಹಿಡಿದು ಹೋದರೆ ಅಡ್ಡ ನಿಂತರು. "ಪೂಜೆ ಆದ್ಮೇಲೆ ಚಕ್ರ ಮುಟ್ಟಂಗಿಲ್ಲ. ಕುಣಿಗಲ್‌ನಲ್ಲಿ ಲೋಡ್ ಇಳ್ಸಿ ಬಂದು ನಾಳೆ ಮಾಡಿಸ್ತೀನಿ."

"ಅಣ್ಣ, ಮುಂದಿನ ಎರಡೂ ಟೈರು ಹೊಸವು. ಹಿಂಗೇ ಓಡ್ಸಿದ್ರೆ ಒಂದ್ ಕಡೆ ಸವ್ದೋಯ್ತವೆ. ಗಾಡಿನೂ ಎಡಕ್ಕೆ ಎಳೀತದೆ."

"ದೇವ್ರವ್ನೆ ಬುಡು."

"ಹಂಗಾದ್ರೆ ಅಂಗಳದಲ್ಲೇ ಒಂದ್ ಸುತ್ತು ಓಡ್ಸಿ ತೋರ್ಸಿ" ಎಂದೆ. ಅವರು ಸ್ಟೇರಿಂಗ್ ಮೇಲಿನ ಕೈ ಸ್ವಲ್ಪ ಸಡಿಲಿಸಿದ್ದೇ ತಡ, ಲಾರಿ ಎಡಕ್ಕೆ ಎಳೆದು ನಮ್ಮ ಕಾಂಪೌಂಡ್ ಗೋಡೆಯ ಕಡೆ ಹೊರಟಿತು. ಗೋಡೆಗೆ ಒಂದು ಮೊಳ ಇರುವಾಗ ಬ್ರೇಕ್ ಬಿತ್ತು.

ಪಕ್ಕದ ಸೀಟಿನಲ್ಲಿದ್ದ ಅವರ ತಾಯಿ ಸಿಡುಕಿದರು. "ಲೋ ಮಹೇಸ, ದೇವ್ರು ಕಾಯ್ತಾನೆ ಕಣ್ಲಾ, ನಟ್ಟು ತಿರುಗ್ಸಕ್ಕೂ ಅವ್ನೇ ಬರ್ಬೇಕೇನ್ಲಾ? ಇಳಿ ಕೆಳಕ್ಕೆ!"

ಮಹೇಶಣ್ಣ ಇಳಿದರು. ಒಂದು ಗಂಟೆಯಲ್ಲಿ ಚಕ್ರ ನೇರವಾದವು, ಕೈಬಿಟ್ಟರೂ ಲಾರಿ ಅತ್ತಿತ್ತ ಸರಿಯಲಿಲ್ಲ. ನಾನು ಮೀಸೆ ತಿರುವುವಷ್ಟರಲ್ಲಿ ಆ ತಾಯಿ ನನ್ನ ಕಡೆ ತಿರುಗಿದರು.

"ನೀನೂ ಸರಿಯಾಗಿದೀಯ! ಆರತಿ ತಗೊಳಕ್ ಮುಂಚೆ ಈ ಮಾತು ಹೇಳಕ್ಕೇನಾಗಿತ್ತು?"

ಇವತ್ತಿನಿಂದ ನಮ್ಮ ಗ್ಯಾರೇಜಿನಲ್ಲಿ ಅಲೈನ್‌ಮೆಂಟ್ ಮುಗಿಯುವವರೆಗೆ ಬೆಂಕಿಪೊಟ್ಟಣ ನನ್ನ ಜೇಬಿನಲ್ಲೇ ಇರುತ್ತದೆ.