ಕೌದಿ ಹೊಲಿಗಿ ನೆಟ್ಟಗಾಗೂತನಕ

ನಾ ಒಂದು ಮನಿ ಕಟ್ಟಿಸಿದ್ನಿ. ಆರು ಗಾಲಿ ಮ್ಯಾಲ.

ಹುಕ್ಕೇರಿಯೊಳಗ ನಮ್ಮ ಮನಿ ಹಂತೇಕ ಒಂದು ಹಳೇ ಸಾಲಿ ಬಸ್ ಮಾರಾಕಿಟ್ಟಿದ್ರು. ಸಣ್ಣ ಬಸ್ಸು, ಹುಡುಗೂರ ಗದ್ದಲಾ ಹೊತ್ತು ಹೊತ್ತು ಅದಕ್ಕ ಜೀವನಾನ ಬ್ಯಾಸರಾಗಿತ್ತು. ಅದನ್ನ ತಂದು, ಸೀಟು ಕಿತ್ತು, ಒಳಗ ಮಂಚ, ಗ್ಯಾಸಿನ ಒಲಿ, ತಿಜೋರಿ, ನೀರಿನ ಟಾಕಿ ಎಲ್ಲಾ ಕುಂಡ್ರಿಸಿ ತಿರುಗಾಡೂ ಮನಿ ಮಾಡಿದ್ನಿ. ಎಲ್ಲಿ ಬ್ರೇಕ್ ಹಾಕ್ತೇನೋ ಅದ ನನ್ನ ಊರು ಅಂತ ಗೆಳ್ಯಾರ ಮುಂದ ಭಾಷಣ ಬಿಗಿದ್ನಿ. ನಮ್ಮವ್ವ ಸುತ್ತ ಒಂದು ರೌಂಡ್ ಹೊಡದು ನೋಡಿ, "ಮನಿ ಅಂದಮ್ಯಾಲ ಒಂದ ಕಡಿ ನಿಂದ್ರಬೇಕೋ. ಇದೂ ನಿನ್ನಂಗನ ಆತು," ಅಂದ್ಲು.

ನಾ ಓದಿದ್ದು ಬಿ.ಎ. ಅದನ್ನೂ ಮೂರನೇ ಸಲಕ್ಕ ಪಾಸ್ ಮಾಡಿದ್ದು. ಹಂಗಾಗಿ ಇಂಜಿನಿಯರ್ ಕೆಲಸಾ ಎಲ್ಲಾ ನಾನ ಮಾಡಿದ್ನಿ. ಟಾಕಿ ಅಂದಮ್ಯಾಲ ಮಾಳಿಗಿ ಮ್ಯಾಲ ಇರೂದು, ಅದಕ್ಕ ಅದನ್ನ ಬಸ್ಸಿನ ನೆತ್ತಿ ಮ್ಯಾಲ ಇಟ್ನಿ. ಮಂಚಾ ಹಿಂದಿನ ಗಾಲಿಗಿಂತಾ ಹಿಂದ, ಅಗದಿ ಬಾಲದ ತುದಿಗೆ ಹಾಕಿದ್ನಿ, ಕಿಡಕಿಯಿಂದ ಹೊರಗ ಚಂದ ಕಾಣತೈತಿ ಅಂತ. ಅಡಗಿ ಮನಿ ಆಗ್ನೇಯ ಮೂಲಿಗೆ ಇರಬೇಕು ಅಂತ ನಮ್ಮ ಕಾಕಾ ವಾಸ್ತು ಹೇಳಿದ. ಬಸ್ಸು ನಮ್ಮ ಅಂಗಳದಾಗ ಬಡಗಣಕ್ಕ ಮುಖಾ ಮಾಡಿ ನಿಂತಿತ್ತು. ಬಲಕ್ಕ ಹಿಂದಿನ ಮೂಲಿನ ಆಗ್ನೇಯ ಅಂತ ಲೆಕ್ಕಾ ಹಾಕಿ, ಒಲಿ, ಸಿಲಿಂಡರ್, ತಿಜೋರಿ, ಅಜ್ಜಿ ಕಾಲದ ರುಬ್ಬೂ ಕಲ್ಲು, ಎಲ್ಲಾ ಅಲ್ಲೇ ಪೇರಿಸಿದ್ನಿ. ಗಾಡಿ ತಿರುಗಿದ್ರ ಆಗ್ನೇಯ ಮೂಲಿ ಎತ್ತಾಗ ಹೊಕ್ಕೈತಿ ಅನ್ನೂದು ನನಗೂ ಹೊಳೀಲಿಲ್ಲ, ಕಾಕಾಗೂ ಹೊಳೀಲಿಲ್ಲ.

ಮೊದಲನೇ ದಿವಸನ ಗೊತ್ತಾತು. ಎಡಕ್ಕ ತಿರುವು ಬಂದ್ರ ಬಸ್ಸು ಬಲಕ್ಕ ಮಲಗೂದು, ಕೆರಿಗೆ ಇಳದ ಎಮ್ಮಿ ಹಂಗ. ತಗ್ಗಿನ್ಯಾಗ ಬಿದ್ರ ಹಿಂದಿನ ಮಂಚ ಹಾರಿ ತಾರಸಿಗೆ ಮುತ್ತು ಕೊಟ್ಟು ಬರೂದು. ಸ್ಟೇರಿಂಗ್ ಅಂತೂ ನನ್ನ ಮಾತ ಕೇಳ್ತಿರ್ಲಿಲ್ಲ. ನಾ ತಿರಗಸೂದು, ಅದು ವಿಚಾರ ಮಾಡೂದು, ಆಮ್ಯಾಲ ಮನಸ್ಸಿಗೆ ಬಂದ್ರ ತಿರಗೂದು.

ಹಿಂಗಿರೂವಾಗ ಮೂಡಲಗಿಯಿಂದ ಅಕ್ಕನ ಫೋನ್ ಬಂತು. ಅಕಿಗೆ ಏಳು ತಿಂಗಳು ತುಂಬಿತ್ತು, ಚೊಚ್ಚಲ ಬಸರು. ಕುಬಸ ಮಾಡಿ, ಉಡಿ ತುಂಬಿ ಬಂದಿದ್ವಿ. ಇನ್ನ ಬಾಣಂತನಕ್ಕ ತವರಮನಿಗೆ ಕರಕೊಂಡ ಬರೂದು ಉಳದಿತ್ತು. ಆದ್ರ ಅಕಿಗೆ ಸೊಂಟ ಹಿಡದು, ಅರ್ಧಾ ತಾಸು ಕುಂತ್ರ ಹೊಳ್ಳಿ ಏಳಾಕ ಆಗ್ತಿರ್ಲಿಲ್ಲ. ಹೋಗೂದಿದ್ರ ಮಲ್ಕೊಂಡ ಹೋಗು, ಮೈಗೆ ಧಕ್ಕಿ ಆಗಬಾರದು ಅಂತ ಡಾಕ್ಟರ್ ಹೇಳಿದ್ರಂತ.

"ತಮ್ಮಾ, ಹುಕ್ಕೇರಿ ತನಕಾ ಕಾರಿನ್ಯಾಗ ಕುಂತು ಬರಾಕ ನನ್ನಿಂದ ಆಗೂದಿಲ್ಲ. ಮಂಚ ಇರೂ ಗಾಡಿ ಅಂದ್ರ ನಿಂದೊಂದ," ಅಂದ್ಲು. ಆಮ್ಯಾಲ ದನಿ ಸಣ್ಣಗ ಮಾಡಿ, "ನನ್ನ ಬಾಣಂತನಾ ಅವ್ವನ ಕೈಯಾಗ ಆಗಬೇಕೋ. ಅಮಾಸಿ ದಾಟಿದ್ರ ಹೆರಿಗಿ ದಿನಾ ಸಮೀಪ ಬಂತು ಅಂತ ಅತ್ತಿ ಕಳಸೂದಿಲ್ಲ, ಇಲ್ಲೇ ಇರು ಅಂತಾರ," ಅಂದ್ಲು.

ಅಮಾಸಿಗೆ ಇನ್ನ ಹದಿನೆಂಟು ದಿವಸ ಇತ್ತು. ನಾ ಹುಟ್ಟಿದಾಗಿಂದ ನನ್ನನ್ನ ಯಾರೂ ಕೆಲಸಕ್ಕ ಬರ್ತಾನ ಅಂತ ನಂಬಿ ಕರದಿರ್ಲಿಲ್ಲ. ಮರುದಿವಸ ಮುಂಜಾನಿನ ಹಾರ್ನ್ ಹೊಡಕೋತ ಮೂಡಲಗಿಗೆ ಹೋಗಿ ಅಕ್ಕನ ಮನಿ ಮುಂದ ನಿಂತ್ನಿ.

ಅಕ್ಕನ ಅತ್ತಿ ಕೌದಿ ಹೊಲಿಯೂದ್ರಾಗ ಎತ್ತಿದ ಕೈ. ಹಳೇ ಸೀರಿ, ಧೋತ್ರ ಒಂದರ ಮ್ಯಾಲೊಂದು ಹಾಸಿ ಹೊಲಿಗಿ ಹಾಕಾಕತ್ತಿದ್ರ, ಪಟ್ಟಿ ಇಟ್ಟು ಗೆರಿ ಹೊಡದಂಗ ಸಾಲ ಹೊಂಡತಾವು. ಅವತ್ತು ಬರೂ ಕೂಸಿಗೆ ಅಂತ ಒಂದು ಸಣ್ಣ ಕೌದಿ ತೊಡಿ ಮ್ಯಾಲ ಇಟ್ಕೊಂಡಿದ್ರು. ನನ್ನ ಬಸ್ಸು ನೋಡಿ ಎದ್ದು ಬಂದ್ರು, ಕೌದಿ ಕೈಯಾಗ ಇತ್ತು.

"ಸೊಸಿನ್ನ ಮಲಗಸೂಕಿಂತಾ ಮೊದಲ ನಾ ಕುಂಡ್ರತೇನಿ," ಅಂದ್ರು.

"ಬರ್ರಿ ಅತ್ತಿ, ಆರಾಮ ಕುಂಡ್ರ್ರಿ. ವಿಮಾನ ಇದ್ದಂಗ ಐತಿ," ಅಂದ್ನಿ.

"ವಿಮಾನದಾಗ ಕುಂತೀಯೇನ?"

"ಇಲ್ರಿ."

"ಹಂಗಾರ ಸುಮ್ನ ಗಾಡಿ ಹೊಡಿ. ನಾ ನನ್ನ ಕೆಲಸಾ ಮಾಡ್ತೇನಿ."

ಗೋಕಾಕ ರೋಡಿಗೆ ನಾಕು ಮೈಲು ಹೋಗಿ ಹೊಳ್ಳಿ ಬಂದ್ವಿ. ಹಿಂದ ಏನರ ಸಪ್ಪಳಾ ಆದಾಗೆಲ್ಲಾ ನಾ ಜೋರಾಗಿ ಹಾಡ ಹೇಳಿದ್ನಿ. ಮನಿ ಮುಂದ ಅತ್ತಿ ಇಳದ್ರು. ಅವ್ರ ಹಿಂದ ಕೌದಿನೂ ಇಳೀತು, ತಾನ. ನೋಡಿದ್ರ ಸೆರಗಿಗೆ ಸೇರಿಸಿ ಹೊಲದಬಿಟ್ಟಿದ್ರು.

"ತಮ್ಮಾ, ಐವತ್ತು ವರ್ಷ ಆತು ನಾ ಹೊಲ್ಯಾಕ ಹತ್ತಿ. ಬಿಟ್ಟ ಸೀರಿ ಹೊಲದೇನಿ. ಉಟ್ಟ ಸೀರಿ ಇವತ್ತ ಮೊದಲನೇದು," ಅಂದ್ರು.

ಹೊಲಿಗಿ ನೋಡಿದ್ನಿ. ಇರುವಿಗೆ ಯಾರೋ ಕುಡಿಸಿ ಕೌದಿ ಮ್ಯಾಲ ಬಿಟ್ಟಂಗ ಇತ್ತು. ಅತ್ತಿ ಒಂದೊಂದ ಎಳಿ ಬಿಚ್ಚಕೋತ ಹೇಳಿದ್ರು, "ಈ ಗಾಡ್ಯಾಗ ಕುಂತು ಒಂದು ಸಾಲು ನೆಟ್ಟಗ ಹಾಕೂ ಹಂಗ ಆಗಲಿ, ಅವತ್ತ ನಿಮ್ಮಕ್ಕನ್ನ ಕಳಸ್ತೇನಿ. ಆಗಲಿಲ್ಲೋ, ಅಕಿ ಬಾಣಂತನಾ ಇಲ್ಲೇ." ಬಾಗಲದಾಗ ನಿಂತಿದ್ದ ಅಕ್ಕ ನನ್ನ ಮಾರಿ ನೋಡಲಿಲ್ಲ. ಕೌದಿನ ನೋಡಾಕತ್ತಿದ್ಲು.

ಗೋಕಾಕದಾಗ ಲಾರಿ ಪಾಟಾ ಕಟ್ಟೂ ಮಿಸ್ತ್ರಿ ಒಬ್ಬಾಂವ ಅದಾನ. ಪಾಟಾ ಅಂದ್ರ ಗಾಲಿ ಮ್ಯಾಲ ಒಂದರ ಮ್ಯಾಲೊಂದು ಇರ್ತಾವಲ್ಲ, ಬಗ್ಗಿದ ಕಬ್ಬಿಣದ ಪಟ್ಟಿ, ಅವು. ಸೀದಾ ಅವನ ಹಂತೇಕ ಹೋಗಿ, "ಕಾಕಾ, ಗಾಡಿ ಭಾಳ ಕುಣೀತೈತಿ. ಕುಣೀಲಾರದಂಗ ಗಟ್ಟಿ ಮಾಡ್ರಿ," ಅಂದ್ನಿ. ನಮ್ಮ ಕಡಿ ಕಬ್ಬಿನ ಸೀಮಿ. ಇಲ್ಲಿ ಯಾವ ಗಾಡಿಗೆ ಏನ ಆದ್ರೂ ಔಷಧ ಒಂದ, ಇನ್ನೊಂದ ಪಾಟಾ ಹಾಕೂದು. ಮಿಸ್ತ್ರಿ ಬಾಜೂಕ ಮೂರರಂಗ ಆರು ಪಾಟಾ ಹೆಚ್ಚಿಗಿ ಹಾಕಿದ. ನಾ ನನ್ನ ಶಾಣ್ಯಾತನಾ ಸೇರಿಸಿ, ಪಂಚರ್ ಅಂಗಡಿಯೊಳಗ ಆರೂ ಟಾಯರಿಗೆ ಹವಾ ಕಲ್ಲಿನಂಗ ತುಂಬಿಸಿದ್ನಿ.

ಆತು, ಕುಣಿಯೂದು ನಿಂತಿತು. ಈಗ ಬಡಿಯಾಕ ಶುರು ಮಾಡ್ತು. ರೋಡಿನ ಮ್ಯಾಲ ಕಬ್ಬಿನ ಸಿಪ್ಪಿ ಬಿದ್ದಿದ್ರ, ಅದು ಬುಡದ್ದೋ ತುದೀದೋ ಅನ್ನೂದು ನನ್ನ ಬೆನ್ನಿಗೆ ತಿಳೀತಿತ್ತು. ಹುಕ್ಕೇರಿ ಮುಟ್ಟೂದ್ರಾಗ ಹಲ್ಲು ಎಣಿಸಿ ನೋಡ್ಕೊಂಡ್ನಿ. ಎಲ್ಲಾ ಇದ್ವು, ಆದ್ರ ಸಾಲು ಬದಲಾದಂಗ ಅನಿಸ್ತು.

ಹೊಳ್ಳಿ ಹೋಗಿ ಮಿಸ್ತ್ರಿ ಜೋಡಿ ಜಗಳಾ ತಗದ್ನಿ. ಅಂವ ಬೀಡಿ ಹಚ್ಚಕೋತ, "ಗಟ್ಟಿ ಮಾಡಂದಿ, ಮಾಡೇನಿ. ಗಾಡಿ ತುಂಬ ಕಬ್ಬ ಹೇರು, ಹತ್ತಿ ಹಾಸಗಿ ಹಂಗ ಹೊಕ್ಕೈತಿ," ಅಂದ.

ಮಂದಿ ಇಂಥಾ ಮಾತಿಗೆ ನಗ್ತಾರ. ನಾ ಹೋಗಿ ಕಬ್ಬ ಹೇರಿದ್ನಿ. ಕೊಣ್ಣೂರ ಹಂತೇಕ ನಮ್ಮ ಸೋದರಮಾವನ ಹೊಲದಾಗ ಕಟಾವು ನಡದಿತ್ತು. ಮಂಚದ ಮ್ಯಾಲ, ಮಂಚದ ಕೆಳಗ, ಒಲಿ ಸುತ್ತ, ತಿಜೋರಿ ಸಂದ್ಯಾಗ, ಎಲ್ಲಾ ಕಡಿ ಕಬ್ಬ ತುರಕಿದ್ನಿ. ಮಿಸ್ತ್ರಿ ಹೇಳಿದ್ದು ಖರೆ, ಗಾಡಿ ಅಗದಿ ಮೆತ್ತಗ ಹೋತು. ಖುಷಿಯಿಂದ ಶಿಳ್ಳಿ ಹೊಡಕೋತ ಒಂದು ಮೈಲು ಹೋದಮ್ಯಾಲ ನೆನಪಾತು, ಅಕ್ಕನ್ನ ಎಲ್ಲಿ ಮಲಗಸೂದು ಅಂತ.

ಕಬ್ಬ ಗಾಣದ ಮನಿಗೆ ಹಾಕಬೇಕಾಗಿತ್ತು, ಅದಕ್ಕಿಂತಾ ಮೊದಲ ಕಾಟಾದ ಮ್ಯಾಲ ತೂಗಿಸಬೇಕು. ಕಾಟಾ ಅಂದ್ರ ಗಾಡಿಗೆ ಗಾಡಿನ ಹತ್ತಿಸಿ ತೂಗೂ ಹಾಸು. ಕಾಟಾದ ಖೋಲಿ ಕಿಡಕಿಯೊಳಗ ಕುಂತಾಂವ ಬಸ್ಸಿನ ಪಡದಾದಾಗಿಂದ ಹೊರಗ ಬಂದ ಕಬ್ಬಿನ ತುದಿ ನೋಡಿ, "ಏನಪಾ, ಮಂದಿ ಕಬ್ಬ ತೂಗತಾರ, ನೀ ಸಂಸಾರ ತೂಗಾಕ ಬಂದಿಯೇನ?" ಅಂದ.

ನಾ ಇದ್ದದ್ದ ಹೇಳಿದ್ನಿ. ಅಕ್ಕ, ಅಮಾಸಿ, ಕೌದಿ, ಪಾಟಾ, ಎಲ್ಲಾ. ಅವನಿಗೂ ಆ ಹೊತ್ತಿನ್ಯಾಗ ಬ್ಯಾರೆ ಗಾಡಿ ಇರ್ಲಿಲ್ಲ. ಕಬ್ಬ ಇಳಿಸಿ ಬಾ ಅಂದ. ಖಾಲಿ ಬಸ್ಸು ತಂದ್ನಿ. ಮುಂದಿನ ಗಾಲಿ ಅಷ್ಟ ಹತ್ತಿಸಂದ, ಬರಕೊಂಡ. ಹಿಂದಿನವು ಅಷ್ಟ ಹತ್ತಿಸಂದ, ಬರಕೊಂಡ. ಆಮ್ಯಾಲ ಅಡ್ಡ ತರಿಸಿ ಬರೇ ಬಲಗಡಿ ಗಾಲಿ, ಬರೇ ಎಡಗಡಿ ಗಾಲಿ. ಚೀಟಿ ನೋಡಿ ತಲಿ ಕೆರಕೊಂಡ.

"ಬಲಕ್ಕ ಹಿಂದಿನ ಮೂಲಿಗೆ ಏನಿಟ್ಟೀಯೋ? ಎಡಕ್ಕಿಂತಾ ಒಂದು ಎಮ್ಮಿ ತೂಕ ಹೆಚ್ಚಿಗಿ ಐತಿ."

"ಅದು ಆಗ್ನೇಯ ಮೂಲಿರಿ," ಅಂದ್ನಿ.

"ಯಾವ ಊರಾಗ ನಿಂತಾಗ?"

ನಾ ಇಳದು ಬಸ್ಸಿನ ಮಾರಿ ಎತ್ತಾಗೈತಿ ಅಂತ ನೋಡಿದ್ನಿ. ಅಂವ ಮುಂದುವರಸಿದ, "ಭಾರ ಎಲ್ಲಾ ಹಿಂದ ಬಿದ್ದೈತಿ. ಮುಂದಿನ ಗಾಲಿ ನೆಲಾ ಮುಟ್ಟಿದ್ರ ಮುಟ್ಟಿದ್ವು, ಬಿಟ್ರ ಬಿಟ್ವು. ಸ್ಟೇರಿಂಗ್ ಹೆಂಗ ಕೇಳಬೇಕೋ ನಿನ್ನ ಮಾತು? ನೆತ್ತಿ ಮ್ಯಾಲಿನ ಟಾಕಿ ಇಳಸು ಮೊದಲ. ತಲಿ ಮ್ಯಾಲ ಕೊಡ ಹೊತ್ತು ಓಡಾಕ ಹೇಳಿದ್ರ ನೀ ಓಡ್ತೀಯೇನ?"

ಆ ಚೀಟಿ ಹಿಡಕೊಂಡು ಮಿಸ್ತ್ರಿ ಹಂತೇಕ ಹೋಗಿ, ಹಾಕಿದ ಪಾಟಾ ತಗೀರಿ ಅಂದ್ನಿ. ಅವನ ಮಾರಿ ಸಣ್ಣದಾತು. "ನಲವತ್ತು ವರ್ಷದಾಗ ಪಾಟಾ ತಗಿ ಅಂದ ಗಿರಾಕಿ ನೀನ ಮೊದಲನೇದಾಂವ," ಅಂದ. ಆವಾಗ ಅಕ್ಕನ ಸುದ್ದಿ ಹೇಳಿದ್ನಿ. ನಟ್ ತಿರುವೂ ಪಾನಾ ಕೆಳಗ ಇಟ್ಟು ನನ್ನ ದಿಟ್ಟಿಸಿ ನೋಡಿದ.

"ಬಸರಿ ಹೆಣ್ಣಮಗಳನ್ನ ಕರಕೊಂಡ ಬರೂದೈತಿ ಅಂತ ಮೊದಲ ಹೇಳಬೇಕಿಲ್ಲೋ ಮಬ್ಬಾ? ನಾ ನಿಂದು ಕಬ್ಬಿನ ಧಂದೆ ಅಂತ ತಿಳದಿದ್ನಿ."

"ಒಳಗ ಮಂಚ ಇತ್ತಲ್ರಿ ಕಾಕಾ."

"ಡ್ರೈವರ್ ಮಲಗಾಕ ಅನ್ಕೊಂಡ್ನಿ."

ಆಮ್ಯಾಲ ಅಂವ ಮಾಡಿದ ಕೆಲಸಾನ ಬ್ಯಾರೆ. ಆರು ಪಾಟಾ ತಗದ. ಹಳೇವನ್ನೂ ಬಿಚ್ಚಿ, ಜಂಗು ತಿಕ್ಕಿ, ಗ್ರೀಸ್ ಹಚ್ಚಿ ಹೊಳ್ಳಿ ಕಟ್ಟಿದ. ರಬ್ಬರ್ ಬುಷ್ ಹಿಡಿದ್ರ ಮುರಮುರಿ ಹಂಗ ಪುಡಿ ಆದ್ವು. ಶಾಕ್ ಅಬ್ಸಾರ್ಬರ್ ಬಿಚ್ಚಿ ಕೈಲೆ ಒತ್ತಿ ತೋರಿಸಿದ, ಒಳಗ ಹೋದದ್ದು ಹೊರಗ ಬರ್ಲಿಲ್ಲ. "ಇವು ಸತ್ತು ಭಾಳ ದಿವಸಾತು. ನೀ ಸುಮ್ನ ಹೆಣಾ ಹೊತ್ಕೊಂಡು ತಿರುಗಾಕತ್ತೀ," ಅಂದ. ಹೊಸಾವು ಹಾಕಿದ.

ಟಾಕಿ ನೆತ್ತಿಯಿಂದ ಇಳದು ಒಳಗ ನೆಲಕ್ಕ, ನಡುವ ಬಂದು ಕುಂತಿತು. "ಪೂರ್ತಿ ತುಂಬು, ಇಲ್ಲಾ ಪೂರ್ತಿ ಖಾಲಿ ಇಡು. ಅರ್ಧಾ ಇದ್ರ ನೀರ ಗಾಡಿ ಹೊಡೀತೈತಿ, ನೀ ಬರೇ ಕುಂತಿರ್ತಿ," ಅಂತ ತಾಕೀತು ಮಾಡಿದ. ತಿಜೋರಿ, ರುಬ್ಬೂ ಕಲ್ಲು ಮನಿಗೆ ಹೋದ್ವು. ಮಂಚಾ ಬಾಲದಿಂದ ಕಿತ್ತು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಟ್ಟ ನಡುವ ಹಾಕಿದ್ವಿ. ಮುಂಜಾನಿ ಟಾಯರ್ ತಣ್ಣಗಿದ್ದಾಗ, ಚೀಟ್ಯಾಗಿನ ತೂಕ ನೋಡಿ ಹವಾ ಬಿಟ್ಟು ಸರಿ ಮಾಡಿದ್ವಿ. ಕಡೀಕ ಮಿಸ್ತ್ರಿ ನನ್ನ ಮಂಚದ ಮ್ಯಾಲ ಮಲಗಿಸಿ ತಾನ ಗಾಡಿ ಹೊಡದ. "ಹೆಂಗೈತೋ?" ಅಂತ ಮೂರು ಸಲ ಕೇಳಿದ್ನಂತ. ನನಗ ನಿದ್ದಿ ಹತ್ತಿತ್ತು.

ಅಮಾಸಿಗೆ ಎರಡು ದಿವಸ ಉಳದಾಗ ಹೊಳ್ಳಿ ಮೂಡಲಗಿಗೆ ಹೋದ್ನಿ. ಅತ್ತಿ ಸೆರಗು ಬಿಗಿಯಾಗಿ ನಡಕ್ಕ ಸಿಗಿಸಿಕೊಂಡು, ಕೌದಿ ಹಿಡದು ಮಂಚದ ಮ್ಯಾಲ ಕುಂತ್ರು. ಅದ ರೋಡು, ಅದ ನಾಕು ಮೈಲು. ನಾ ಹಾಡ ಹೇಳಲಿಲ್ಲ. ಹಿಂದ ಸಪ್ಪಳನ ಇಲ್ಲ. ತಿರುವಿನ್ಯಾಗ ಬಸ್ಸು ಸಾಲಿ ಮಾಸ್ತರ ಹಂಗ ನೆಟ್ಟಗ ತಿರುಗಿತು.

ಅಲ್ಲಿ ನನ್ನ ಬುದ್ಧಿ ಕೈಕೊಡ್ತು. ಹೊಳ್ಳಿ ಬರೂವಾಗ, ಊರು ಕಾಣಾಕತ್ತಾಗ, ಹೊಲಿಗಿ ಹೆಂಗ ಬಂದೈತಿ ನೋಡೂಣು ಅಂತ ಕುತ್ತಿಗಿ ತಿರುವಿ, "ಅತ್ತಿ, ಈಗ ಹೇಳ್ರಿ, ವಿಮಾನ ಹೌದಲ್ರಿ?" ಅಂದ್ನಿ. ರೋಡಿಗೆ ಅಡ್ಡ ಒಂದು ಹಂಪ್ ಇತ್ತು. ಬರೂವಾಗೂ ನೋಡಿದ್ನಿ, ಹೋಗೂವಾಗೂ ನೋಡಿದ್ನಿ. ಈಗಷ್ಟ ನೋಡಲಿಲ್ಲ. ಧಡ್ ಅಂತ ಹಾರಿ ಇಳದ್ವಿ.

ಮನಿ ಮುಂದ ನಿಲ್ಲಿಸಿದ್ನಿ, ಹಿಂದ ನೋಡಾಕ ಧೈರ್ಯ ಸಾಲಲಿಲ್ಲ. ಅಕ್ಕ ಗ್ವಾಡಿ ಹಿಡಕೊಂಡು ಅಂಗಳಕ್ಕ ಬಂದಿದ್ಲು. ಅತ್ತಿ ಇಳದು, ಕೌದಿ ಬಿಸಲಿಗೆ ಹಿಡದು, ಬೆರಳ ಇಟ್ಟು ಒಂದು ಸಾಲು ಪೂರ್ತಿ ಸವರಿದ್ರು. ನೆಟ್ಟಗ, ನೆಟ್ಟಗ, ನೆಟ್ಟಗ. ಒಂದ ಕಡಿ ಬೆರಳ ನಿಂತಿತು. ಅಲ್ಲಿ ಎಳಿ ಹಾವಿನಂಗ ಹೊಳ್ಳಿ ಮತ್ತ ಸಾಲಿಗೆ ಸೇರಿತ್ತು.

"ಇದು ಗಾಡೀದಲ್ಲ," ಅಂದ್ರು. "ಇದು ನಿಂದು."

ಅಕ್ಕ ಗ್ವಾಡಿ ಬಿಟ್ಟು ಒಂದು ಹೆಜ್ಜಿ ಮುಂದ ಬಂದ್ಲು. ಅತ್ತಿ ಅಕಿ ಕಡಿ ತಿರುಗಿ, "ಗಂಟು ಕಟ್ಟು. ನಾಳಿ ಮುಂಜಾನಿ ಹೋಗೂಣು. ನಾನೂ ಬರ್ತೇನಿ," ಅಂದ್ರು. ಆಮ್ಯಾಲ ನನಗ, "ಆದ್ರ ನೀ ಹುಕ್ಕೇರಿ ಮುಟ್ಟೂತನಕ ಹಿಂದ ನೋಡಬಾರದು, ಬಾಯಿ ಬಿಡಬಾರದು. ಒಂದ ಮಾತ ಆಡಿದ್ರ ಅಲ್ಲೇ ಇಳದು ಹೊಳ್ಳಿ ಕರಕೊಂಡ ಬರ್ತೇನಿ," ಅಂದ್ರು.

ಅವತ್ತು ನಾ ಮಾಡಿದ ತಪಸ್ಸು ಯಾವ ಮುನಿನೂ ಮಾಡಿರಲಿಕ್ಕಿಲ್ಲ. ಗೋಕಾಕದಾಗ ಮಿಸ್ತ್ರಿ ರೋಡಿಗೆ ಬಂದು ನಿಂತಿದ್ದ. ನನ್ನ ಮಾರಿ ನೋಡಲಿಲ್ಲ, ಗಾಲಿ ನೋಡಿ ಗೋಣ ಹಾಕಿದ. ಕೊಣ್ಣೂರದಾಗ ಕಾಟಾದಾಂವ ಕಿಡಕಿಯಿಂದ, "ಆಗ್ನೇಯ ಎತ್ತಾಗೈತೋ?" ಅಂತ ಒದರಿದ. ನನ್ನ ನಾಲಿಗಿ ತುದಿಗೆ ಮೂರು ಉತ್ತರ ಬಂದಿದ್ವು, ಮೂರೂ ನುಂಗಿದ್ನಿ. ಧುಪದಾಳ ದಾಟಿದ್ವಿ. ಒಂದೊಂದ ಹಂಪಿಗೂ ಬ್ರೇಕ್ ಒತ್ತಿ, ಗಾಲಿ ಒಂದೊಂದ ಇಳಿಸಿದ್ನಿ, ಹಿಂದಿನ ಸೈಕಲ್ಲಿನವ್ರೆಲ್ಲಾ ನನ್ನ ದಾಟಿ ಹೋದ್ರು.

ಹುಕ್ಕೇರಿಯೊಳಗ ಅವ್ವ ಓಡಿ ಬಂದು ಬಾಗಲಾ ತಗದ್ಲು. ತಗದಾಕಿ ಹಂಗ ನಿಂತ್ಲು. ನಾ ಆವಾಗ ಹೊಳ್ಳಿ ನೋಡಿದ್ನಿ. ಅಕ್ಕ ಮಂಚದ ಮ್ಯಾಲ ಒಂದು ಮಗ್ಗಲಕ್ಕ ಮಲಗಿ ಸಣ್ಣಗ ಗೊರಕಿ ಹೊಡ್ಯಾಕತ್ತಿದ್ಲು. ಅಕಿ ಕಾಲಿನ ಹಂತೇಕ ಅತ್ತಿ ಗ್ವಾಡಿಗೆ ಆನಿಕೊಂಡು, ಕೈಯಾಗ ಸೂಜಿ ಹಿಡಕೊಂಡ ನಿದ್ದಿ ಹೋಗಿದ್ರು.

"ಎಬ್ಬಸಬ್ಯಾಡೋ," ಅಂತ ಅವ್ವ ಪಿಸುಗುಟ್ಟಿದ್ಲು. ಅಲ್ಲೇ ಮೆಟ್ಟಲ ಮ್ಯಾಲ ಕುಂತು ಮಗಳ ಪಾದ ಸವರಾಕತ್ತಿದ್ಲು.

ಈಗ ಆ ಕೌದಿ ಮ್ಯಾಲ ನಮ್ಮ ಅಕ್ಕನ ಮಗಳು ಮಲಗತಾಳ. ಆ ಸೊಟ್ಟ ಹೊಲಿಗಿ ಬಿಚ್ಚಿ ಹಾಕ್ರಿ ಅಂತ ಅತ್ತಿಗೆ ಎಷ್ಟ ಸಲ ಕೈ ಮುಗದ್ನಿ. "ಇರ್ಲಿ ಬಿಡು. ಸೋದರಮಾವ ಎಲ್ಲಿ ಹಿಂದ ಹೊಳ್ಳಿ ನೋಡಿದ ಅನ್ನೂದು ಕೂಸಿಗೂ ಗೊತ್ತಿರ್ಲಿ," ಅಂತಾರ. ಕೂಸಿಗೆ ಗೊತ್ತಾಗೇತಿ ಅಂತ ನನಗ ಅನಸ್ತೈತಿ. ಎಲ್ಲಿ ಮಲಗಿಸಿದ್ರೂ ಹೊಳ್ಳಿ ಹೊಳ್ಳಿ ಅಲ್ಲಿಗೇ ಬಂದು, ಅಗದಿ ಆ ಹಂಪಿನ ಮ್ಯಾಲನ ಉಚ್ಚಿ ಹೊಯ್ತೈತಿ.